ಶರದೃತುವಿನ ಸರಳ ಮನೆ ಅಡುಗೆ: ದಾಸ್ತಾನಿನ ಧಾನ್ಯ ಮತ್ತು ಋತುಮಾನದ ತರಕಾರಿಗಳ ಬಳಕೆ

ಪೀಠಿಕೆ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳನ್ನೊಳಗೊಂಡ ಶರದೃತುವಿನಲ್ಲಿ ರಾಜ್ಯದ ಗ್ರಾಮೀಣ ಕುಟುಂಬಗಳ ಹಳೆಯ ದಾಸ್ತಾನು ತಳಮಟ್ಟಕ್ಕೆ ಬಂದಿರುತ್ತದೆ. ಹೊಸ ರಾಗಿಯ ಕೊಯ್ಲಿಗೆ ಇನ್ನೂ ಕೆಲವು ವಾರಗಳಿರುತ್ತವೆ. ಆದರೆ ಇದೇ ಅವಧಿಯಲ್ಲಿ ಮುಂಗಾರು ಮಳೆಯ ಫಲವಾಗಿ ಸೊಪ್ಪು, ಸಿಹಿಗುಂಬಳ, ಹೀರೆಕಾಯಿ, ಹಸಿ ಕಡಲೆಕಾಯಿ ಹಾಗೂ ನೆಲ್ಲಿಕಾಯಿ ಹಿತ್ತಲಿನಲ್ಲಿಯೂ ಸಂತೆಯಲ್ಲಿಯೂ ಸುಲಭವಾಗಿ ದೊರೆಯುತ್ತವೆ. ಡಬ್ಬಿಯಲ್ಲಿ ಉಳಿದಿರುವ ರಾಗಿ, ಜೋಳ ಹಾಗೂ ಕಾಳುಗಳನ್ನು ಇವುಗಳೊಂದಿಗೆ ಸರಿಯಾಗಿ ಹೊಂದಿಸಿದಲ್ಲಿ ಕಡಿಮೆ ವೆಚ್ಚದಲ್ಲಿ ಪೌಷ್ಟಿಕ ಊಟ ಸಿದ್ಧವಾಗುತ್ತದೆ.

ಆಶ್ವಯುಜ ಹುಣ್ಣಿಮೆಯಂದು ಮಲೆನಾಡಿನ ರೈತರು ಭೂಮಿ ಹುಣ್ಣಿಮೆಯನ್ನೂ ಉತ್ತರ ಕರ್ನಾಟಕದ ರೈತರು ಶೀಗಿ ಹುಣ್ಣಿಮೆಯನ್ನೂ ಆಚರಿಸಿ, ಬಗೆಬಗೆಯ ಸೊಪ್ಪು ತರಕಾರಿಗಳ ಅಡುಗೆಯನ್ನು ಹೊಲಗದ್ದೆಗಳಿಗೆ ಒಯ್ದು ಭೂಮಿತಾಯಿಗೆ ಅರ್ಪಿಸುವುದು ರೂಢಿಯಲ್ಲಿದೆ. ಈ ಋತುವಿನ ಬೆಳೆಯನ್ನು ಈ ಋತುವಿನಲ್ಲಿಯೇ ಉಣ್ಣುವ ತಿಳಿವಳಿಕೆ ನಮ್ಮಲ್ಲಿ ಹೊಸದೇನಲ್ಲ.

ಈ ಮಾಹಿತಿಯ ಅವಶ್ಯಕತೆ

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವರ್ಷ ವಯೋಮಾನದ ಮಹಿಳೆಯರ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿದೆ. ಇದಕ್ಕೆ ಒಂದು ಮುಖ್ಯ ಕಾರಣ ಕಬ್ಬಿಣಾಂಶದ ಕೊರತೆ. ಕಾಳು ಮತ್ತು ಸೊಪ್ಪಿನಲ್ಲಿ ಕಬ್ಬಿಣಾಂಶವಿದ್ದರೂ ಅದರಲ್ಲಿ ಅಲ್ಪ ಭಾಗವನ್ನು ಮಾತ್ರ ಶರೀರವು ಹೀರಿಕೊಳ್ಳುತ್ತದೆ. ಆದ್ದರಿಂದ ಏನನ್ನು ಉಣ್ಣುತ್ತೇವೆ ಎಂಬುದರಷ್ಟೇ ಹೇಗೆ ಉಣ್ಣುತ್ತೇವೆ ಎಂಬುದೂ ಮುಖ್ಯವಾಗಿರುತ್ತದೆ. ಇದಕ್ಕಾಗಿ ಈ ಕೆಳಕಂಡ ಮೂರು ಕ್ರಮಗಳನ್ನು ಅನುಸರಿಸಬಹುದು.

1. ಕಾಳುಗಳನ್ನು ನೆನೆಸಿ ಮೊಳಕೆ ಬರಿಸುವುದು. ಇದರಿಂದ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ.
2. ಊಟದೊಂದಿಗೆ ನೆಲ್ಲಿಕಾಯಿ ಅಥವಾ ನಿಂಬೆಹಣ್ಣನ್ನು ಬಳಸುವುದು. ಇವುಗಳಲ್ಲಿರುವ ಸಿ ಜೀವಸತ್ವವು ಕಬ್ಬಿಣಾಂಶದ ಹೀರಿಕೆಗೆ ನೆರವಾಗುತ್ತದೆ. ನೆಲ್ಲಿಕಾಯಿಯಲ್ಲಿ ಈ ಜೀವಸತ್ವವು ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚಾಗಿದೆ.
3. ಊಟದ ಜೊತೆಯಲ್ಲಿ ಅಥವಾ ಊಟವಾದ ಕೂಡಲೇ ಚಹಾ, ಕಾಫಿ ಸೇವಿಸದಿರುವುದು. ಕನಿಷ್ಠ ಒಂದು ಗಂಟೆಯ ಅಂತರವಿರಲಿ.

ಅಡುಗೆಯ ವಿಧಾನಗಳು (ನಾಲ್ಕು ಜನರಿಗೆ)

ಅ) ಮೊಳಕೆ ಹುರುಳಿಕಾಳಿನ ಬಸ್ಸಾರು ಮತ್ತು ಪಲ್ಯ

ಬೇಕಾಗುವ ಸಾಮಗ್ರಿ: ಹುರುಳಿಕಾಳು 150 ಗ್ರಾಂ, ದಂಟಿನ ಸೊಪ್ಪು 1 ಕಟ್ಟು, ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಒಣಮೆಣಸಿನಕಾಯಿ 5, ಕೊತ್ತಂಬರಿ ಬೀಜ 2 ಚಮಚ, ಜೀರಿಗೆ 1 ಚಮಚ, ತೆಂಗಿನ ತುರಿ ಕಾಲು ಲೋಟ, ಹುಣಸೆಹಣ್ಣು ಸ್ವಲ್ಪ, ಒಗ್ಗರಣೆಗೆ ಎಣ್ಣೆ, ಸಾಸಿವೆ, ಕರಿಬೇವು, ರುಚಿಗೆ ಉಪ್ಪು.

ವಿಧಾನ: ಕಾಳನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಮೊಳಕೆ ಬಂದ ಕಾಳನ್ನು ತೊಳೆದು, ಸಾಕಷ್ಟು ನೀರು ಹಾಕಿ ಮೆತ್ತಗೆ ಬೇಯಿಸಿ. ಕೊನೆಯಲ್ಲಿ ಹೆಚ್ಚಿದ ಸೊಪ್ಪು ಹಾಗೂ ಉಪ್ಪು ಸೇರಿಸಿ ಐದು ನಿಮಿಷ ಕುದಿಸಿ, ಕಟ್ಟನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಿ. ಒಂದು ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಬೀಜ ಹಾಗೂ ಜೀರಿಗೆಯನ್ನು ಹುರಿದು, ತೆಂಗಿನ ತುರಿ, ಹುಣಸೆ ಮತ್ತು ಒಂದು ಸೌಟು ಬೆಂದ ಕಾಳಿನೊಂದಿಗೆ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿ ಒಗ್ಗರಣೆ ಕೊಡಿ. ಉಳಿದ ಕಾಳು ಸೊಪ್ಪಿಗೆ ಈರುಳ್ಳಿಯ ಒಗ್ಗರಣೆ ಹಾಕಿದರೆ ಪಲ್ಯ ಸಿದ್ಧ.

ಒಂದೇ ಬೇಯಿಸುವಿಕೆಯಿಂದ ಸಾರು, ಪಲ್ಯ ಎರಡೂ ಆಗುವುದರಿಂದ ಇಂಧನ ಉಳಿತಾಯವಾಗುತ್ತದೆ. ಬೇಯಿಸಿದ ನೀರಿಗೆ ಇಳಿದ ಸತ್ವವೂ ವ್ಯರ್ಥವಾಗುವುದಿಲ್ಲ. ಇದನ್ನು ರಾಗಿ ಮುದ್ದೆಯೊಂದಿಗೆ ಉಣ್ಣುವುದು ಸೂಕ್ತ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿರುತ್ತದೆ.

ಆ) ಸಿಹಿಗುಂಬಳಕಾಯಿ ಪಲ್ಯ, ಶೇಂಗಾ ಪುಡಿಯೊಂದಿಗೆ

ಅರ್ಧ ಕಿಲೋ ಸಿಹಿಗುಂಬಳವನ್ನು ಹೋಳು ಮಾಡಿಕೊಳ್ಳಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಮಾಡಿ, ಹೋಳು, ಅರಿಸಿನ, ಉಪ್ಪು ಮತ್ತು ಸ್ವಲ್ಪ ನೀರು ಸೇರಿಸಿ ಮುಚ್ಚಿ ಬೇಯಿಸಿ. ಹೋಳು ಬೆಂದ ನಂತರ ಚೂರು ಬೆಲ್ಲ, ಹುಣಸೆ ರಸ ಹಾಗೂ ಮೂರು ದೊಡ್ಡ ಚಮಚ ಹುರಿದ ಶೇಂಗಾ ಪುಡಿ ಬೆರೆಸಿ ಇಳಿಸಿ. ಕುಂಬಳದ ಕೆರೋಟಿನ್ ಅಂಶವು ಶರೀರದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಅದರ ಹೀರಿಕೆಗೆ ಎಣ್ಣೆಯಂಶ ಅವಶ್ಯಕವಾದುದರಿಂದ ಶೇಂಗಾ ಇಲ್ಲಿ ರುಚಿಗೆ ಮಾತ್ರವಲ್ಲ. ಜೋಳದ ರೊಟ್ಟಿಗೆ ಇದು ಒಳ್ಳೆಯ ಜೊತೆ. ಬೀಜಗಳನ್ನು ಎಸೆಯದೆ ತೊಳೆದು, ಒಣಗಿಸಿ, ಹುರಿದು ತಿನ್ನಬಹುದು.

ಇ) ನೆಲ್ಲಿಕಾಯಿ ಹಸಿ ಚಟ್ನಿ

ಬೀಜ ತೆಗೆದ ಆರು ನೆಲ್ಲಿಕಾಯಿ, ಅರ್ಧ ಲೋಟ ತೆಂಗಿನ ತುರಿ, ಎರಡು ಹಸಿಮೆಣಸಿನಕಾಯಿ, ಚೂರು ಶುಂಠಿ ಮತ್ತು ಉಪ್ಪನ್ನು ರುಬ್ಬಿ, ಸಾಸಿವೆಯ ಒಗ್ಗರಣೆ ಕೊಡಿ. ಸಿ ಜೀವಸತ್ವವು ಶಾಖಕ್ಕೆ ನಾಶವಾಗುವುದರಿಂದ ಕಾಯಿಯನ್ನು ಬೇಯಿಸಬಾರದು. ಚಟ್ನಿಯನ್ನು ಅದೇ ದಿನ ಬಳಸತಕ್ಕದ್ದು. ಮೇಲಿನ ಎರಡೂ ಊಟಗಳ ಜೊತೆಯಲ್ಲಿ ಇದನ್ನು ಬಡಿಸಬಹುದು.

ಈ) ಸಂಜೆಯ ತಿನಿಸು

ಹಸಿ ಕಡಲೆಕಾಯಿ ಅಥವಾ ಗೆಣಸನ್ನು ಉಪ್ಪು ಹಾಕಿದ ನೀರಿನಲ್ಲಿ ಬೇಯಿಸಿದರೆ ಸಾಕು, ಬೇರೆ ಸಿದ್ಧತೆ ಬೇಕಿಲ್ಲ.

ದಾಸ್ತಾನಿನ ಬಗ್ಗೆ ವಹಿಸಬೇಕಾದ ಎಚ್ಚರಿಕೆಗಳು

• ಮಳೆಗಾಲದ ತೇವದಿಂದ ಧಾನ್ಯಕ್ಕೆ ಹುಳು ಹಾಗೂ ಬೂಷ್ಟು ತಗಲುವ ಸಂಭವವಿರುತ್ತದೆ. ಬಿಸಿಲು ಬಂದ ದಿನಗಳಲ್ಲಿ ಧಾನ್ಯವನ್ನು ಒಣಗಿಸಿ, ಆರಿದ ನಂತರ ಬಿಗಿಯಾದ ಡಬ್ಬಿಯಲ್ಲಿ ತುಂಬಿಡಿ.
• ಬೂಷ್ಟು ಹಿಡಿದ, ಬಣ್ಣಗೆಟ್ಟ ಅಥವಾ ಕಹಿಯಾದ ಕಡಲೆಕಾಯಿಯನ್ನು ಯಾವ ಕಾರಣಕ್ಕೂ ಬಳಸಬಾರದು. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷಾಂಶವಿರಬಹುದು. ಇದು ಯಕೃತ್ತಿಗೆ ಹಾನಿಕರ. ತೊಳೆಯುವುದರಿಂದ ಅಥವಾ ಹುರಿಯುವುದರಿಂದ ಹೋಗುವುದಿಲ್ಲ.
• ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬಾರದು. ಅದು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಆಹಾರದಲ್ಲಿ ಬೆರೆಸಿ ಕೊಡಿ.
• ಸೊಪ್ಪನ್ನು ಹೆಚ್ಚುವ ಮೊದಲೇ ಹಲವು ಬಾರಿ ತೊಳೆಯಿರಿ. ಹೆಚ್ಚಿದ ನಂತರ ತೊಳೆದರೆ ಸತ್ವ ನೀರುಪಾಲಾಗುತ್ತದೆ.

ಲಭ್ಯವಿರುವ ಸೇವೆಗಳು

ಆಹಾರವು ಔಷಧೋಪಚಾರಕ್ಕೆ ಬದಲಿಯಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವು ಪ್ರತಿ ಡೆಸಿಲೀಟರ್‌ಗೆ ಗರ್ಭಿಣಿಯರಲ್ಲಿ 11 ಗ್ರಾಂ, ಇತರೆ ವಯಸ್ಕ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದಲ್ಲಿ ಅದನ್ನು ರಕ್ತಹೀನತೆಯೆಂದು ಪರಿಗಣಿಸಲಾಗುತ್ತದೆ. ಸುಸ್ತು, ಏದುಸಿರು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು ಮುಂತಾದ ಲಕ್ಷಣಗಳಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಗರ್ಭಿಣಿಯರು ವೈದ್ಯರು ಸೂಚಿಸಿದ ಕಬ್ಬಿಣಾಂಶದ ಮಾತ್ರೆಗಳನ್ನು ನಿಲ್ಲಿಸಬಾರದು. ಅವುಗಳನ್ನು ಚಹಾ, ಹಾಲು ಅಥವಾ ಸುಣ್ಣದಂಶದ ಮಾತ್ರೆಗಳೊಂದಿಗೆ ಸೇವಿಸಬಾರದು.

ಗರ್ಭಿಣಿಯರು, ಬಾಣಂತಿಯರು ಹಾಗೂ 6 ತಿಂಗಳಿನಿಂದ 6 ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ ಕೇಂದ್ರಗಳ ಮೂಲಕ ಪೂರಕ ಪೌಷ್ಟಿಕ ಆಹಾರವನ್ನು ಉಚಿತವಾಗಿ ಒದಗಿಸಲಾಗುತ್ತದೆ. ಅರ್ಹ ಫಲಾನುಭವಿಗಳು ತಮ್ಮ ವಾಸಸ್ಥಳದ ಅಂಗನವಾಡಿ ಕಾರ್ಯಕರ್ತೆಯನ್ನು ಸಂಪರ್ಕಿಸಿ ಹೆಸರು ನೋಂದಾಯಿಸಿಕೊಳ್ಳಬಹುದಾಗಿದೆ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಹಾಗೂ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಹೆಣ್ಣುಮಕ್ಕಳ ತಟ್ಟೆಗೂ ಕಾಳು ಸೊಪ್ಪು ಸಮನಾಗಿ ತಲುಪುವಂತೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ.