ಎಚ್‌ಡಿ ವಾಹಿನಿಗಳ ಚಿತ್ರಗುಣಮಟ್ಟ

ಒಂದೇ ಟಿವಿಗೆ ಒಂದೇ ಸೆಟ್‌ಟಾಪ್ ಬಾಕ್ಸ್ ಮೂಲಕ ಬರುವ ಎರಡು ಎಚ್‌ಡಿ ವಾಹಿನಿಗಳ ಚಿತ್ರ ಸಾಮಾನ್ಯವಾಗಿ ಒಂದೇ ತೆರನಾಗಿರುವುದಿಲ್ಲ. ಒಂದರಲ್ಲಿ ಮೈದಾನದ ಹುಲ್ಲು ಎಸಳೆಸಳಾಗಿ ಕಾಣುತ್ತದೆ. ಇನ್ನೊಂದರಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡಿದೊಡನೆ ಅದೇ ಹುಲ್ಲು ಕಲಸಿದ ಹಸಿರು ಚೌಕಗಳಾಗುತ್ತದೆ. ಎಚ್‌ಡಿ ಎಂಬ ಹೆಸರು ಗೊತ್ತುಪಡಿಸುವುದು ಮುಖ್ಯವಾಗಿ ಚಿತ್ರದ ಗೆರೆಗಳ ಸಂಖ್ಯೆಯನ್ನು. ಆ ಗೆರೆಗಳಿಗೆ ಸೆಕೆಂಡಿಗೆ ಎಷ್ಟು ಬಿಟ್ ಮೀಸಲಿಡಬೇಕೆಂಬ ತೀರ್ಮಾನ ಪ್ರಸಾರಕರ ಮತ್ತು ವಿತರಕರ ಕೈಯಲ್ಲಿದೆ. ವ್ಯತ್ಯಾಸದ ಮೂಲ ಇಲ್ಲಿದೆ, ಮತ್ತು ಅದು ಎಚ್‌ಡಿಯಷ್ಟೇ ಹಳೆಯದು.

ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1964ರ ಟೋಕಿಯೊ ಒಲಿಂಪಿಕ್ಸ್ ನಂತರ ಎಚ್‌ಡಿ ಸಂಶೋಧನೆಗೆ ಕೈಹಾಕಿ 1125 ಗೆರೆಗಳ ಹೈ-ವಿಷನ್ ಪದ್ಧತಿಯನ್ನು ರೂಪಿಸಿತು. ಅಷ್ಟು ದೊಡ್ಡ ಸಂಕೇತ ಒಂದು ಉಪಗ್ರಹ ವಾಹಿನಿಯಲ್ಲಿ ಹಿಡಿಸುತ್ತಿರಲಿಲ್ಲ. ಮ್ಯೂಸ್ ಎಂಬ ತಂತ್ರದಿಂದ ಅದನ್ನು ಕುಗ್ಗಿಸಿ 1989ರಲ್ಲಿ ಪ್ರಾಯೋಗಿಕ ದೈನಂದಿನ ಪ್ರಸಾರ ಆರಂಭಿಸಿದರು. ಮ್ಯೂಸ್ ಚಿತ್ರದ ವಿವರವನ್ನು ನಾಲ್ಕು ಕಂತುಗಳಲ್ಲಿ ಕಳಿಸುತ್ತಿತ್ತು. ಅಲುಗಾಡದ ಭಾಗ ನಿಚ್ಚಳವಾಗಿ ಕೂಡಿಕೊಳ್ಳುತ್ತಿತ್ತು, ಚಲಿಸುವ ಭಾಗ ಮಸುಕಾಗುತ್ತಿತ್ತು. ಚಲನೆ ಹೆಚ್ಚಾದಾಗ ಚಿತ್ರ ಸೋಲುವ ಈ ಕೊರತೆ ಬೇರೆ ಬೇರೆ ರೂಪದಲ್ಲಿ ಇಂದಿಗೂ ಉಳಿದಿದೆ.

ಅಮೆರಿಕದಲ್ಲಿ ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿ 1990ರಲ್ಲಿ ಪೂರ್ಣ ಡಿಜಿಟಲ್ ಪದ್ಧತಿಯನ್ನು ಮುಂದಿಟ್ಟಿತು. 1993ರಲ್ಲಿ ಪೈಪೋಟಿಯ ತಂಡಗಳು ಗ್ರ್ಯಾಂಡ್ ಅಲಯನ್ಸ್ ಎಂಬ ಕೂಟವಾಗಿ ಒಂದಾದವು. ಆದರೂ ಯಾವ ಬಗೆಯ ಚಿತ್ರ ಎಂಬ ಜಗಳ ಬಗೆಹರಿಯಲಿಲ್ಲ. ಗೆರೆ ಬಿಟ್ಟು ಗೆರೆ ಕಳಿಸುವ 1080ಐ ಟಿವಿ ಉದ್ಯಮದ ಹಲವರಿಗೆ ಹಿಡಿಸಿತ್ತು. ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಕಳಿಸುವ ಕ್ರಮವೇ ಬೇಕೆಂದು ಕಂಪ್ಯೂಟರ್ ಉದ್ಯಮ ಪಟ್ಟು ಹಿಡಿಯಿತು. 1996ರ ಡಿಸೆಂಬರಿನಲ್ಲಿ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಟಿಎಸ್‌ಸಿ ಎಂಬ ಡಿಜಿಟಲ್ ಟಿವಿ ಮಾನದಂಡವನ್ನು ಅಂಗೀಕರಿಸುವಾಗ ಅದರ 18 ಚಿತ್ರ ಮಾದರಿಗಳ ಪಟ್ಟಿಯನ್ನು ಕಡ್ಡಾಯ ಮಾಡದೆ ಕೈಬಿಟ್ಟಿತು. ಆಯ್ಕೆ ಮಾರುಕಟ್ಟೆಯ ಪಾಲಾಯಿತು. ಸಿಬಿಎಸ್ ಮತ್ತು ಎನ್‌ಬಿಸಿ 1080ಐ ಆರಿಸಿಕೊಂಡವು. ಎಬಿಸಿ, 2003ರಲ್ಲಿ ಎಚ್‌ಡಿಗೆ ಬಂದ ಇಎಸ್‌ಪಿಎನ್ ಮತ್ತು ಆಮೇಲೆ ಫಾಕ್ಸ್ ಪೂರ್ತಿ ಫ್ರೇಮ್ ಕಳಿಸುವ 720ಪಿ ಹಿಡಿದವು. ಮೊದಲನೆಯದರಲ್ಲಿ ನಿಂತ ದೃಶ್ಯದ ಸೂಕ್ಷ್ಮ ಹೆಚ್ಚು. ಎರಡನೆಯದರಲ್ಲಿ ಪಿಕ್ಸೆಲ್ ಕಡಿಮೆಯಾದರೂ ಓಟ ನುಣುಪು. ಕ್ರೀಡೆಗೆ 720ಪಿ ಒಪ್ಪುವುದು ಇದರಿಂದಲೇ. ಯೂರೋಪಿನ ಪ್ರಸಾರಕರ ಒಕ್ಕೂಟವೂ 2004ರಲ್ಲಿ 720ಪಿ ಪರ ನಿಂತಿತು. ಜರ್ಮನಿಯ ಎಆರ್‌ಡಿ, ಝಡ್‌ಡಿಎಫ್ ಅದನ್ನೇ ಅನುಸರಿಸಿದವು.

ಗೆರೆಗಳ ವಾದಕ್ಕಿಂತ ದೊಡ್ಡದು ಬಿಟ್‌ಗಳ ಹಂಚಿಕೆ. ಕುಗ್ಗಿಸದ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು ಒಂದು ಗಿಗಾಬಿಟ್ ಬೇಕು. ಅಮೆರಿಕದ 6 ಮೆಗಾಹರ್ಟ್ಸ್ ವಾಹಿನಿಯೊಂದು ಹೊರಬಲ್ಲದ್ದು 19.39 ಮೆಗಾಬಿಟ್. ಐವತ್ತರಲ್ಲಿ ಒಂದು ಪಾಲಿಗೆ ಇಳಿದ ಈ ಮೊತ್ತದಲ್ಲೇ ಕೆಲವು ಕೇಂದ್ರಗಳು ಹವಾಮಾನದ್ದೋ ಹಳೆಯ ಧಾರಾವಾಹಿಗಳದ್ದೋ ಉಪವಾಹಿನಿಗಳನ್ನು ತೂರಿಸಿದವು. ಉಪಗ್ರಹ ಕಂಪನಿಗಳು ಇನ್ನೂ ಮುಂದೆ ಹೋಗಿ ಚಿತ್ರದ ಅಗಲವನ್ನು 1920ರಿಂದ 1280 ಪಿಕ್ಸೆಲ್‌ಗೆ ಇಳಿಸಿದಾಗ ವೀಕ್ಷಕರು ಅದಕ್ಕೆ ‘ಎಚ್‌ಡಿ ಲೈಟ್’ ಎಂದು ಹೆಸರಿಟ್ಟರು. ಅವುಗಳಲ್ಲೊಂದಾದ ಡೈರೆಕ್‌ಟಿವಿ ವಿರುದ್ಧ ಇಂಥ ದೂರು ಕ್ಯಾಲಿಫೋರ್ನಿಯಾದ ನ್ಯಾಯಾಲಯದವರೆಗೂ ಹೋಯಿತು. ಹಣ ಕೊಟ್ಟು ನೋಡುವವರ ಆ ಸಿಟ್ಟು ನ್ಯಾಯವಾದದ್ದೇ.

ಉಪಗ್ರಹದ ಒಂದೇ ಮರುಪ್ರಸಾರ ಸಾಧನದ (ಟ್ರಾನ್ಸ್‌ಪಾಂಡರ್) ವಾಹಿನಿಗಳು ಬಿಟ್‌ಗಳನ್ನು ಒಟ್ಟು ಕುಟುಂಬದ ಕಣಜದಂತೆ ಹಂಚಿಕೊಳ್ಳುವ ಪದ್ಧತಿಯೂ ಇದೆ. ಯಾವ ವಾಹಿನಿಯ ದೃಶ್ಯ ಆ ಕ್ಷಣಕ್ಕೆ ಜಟಿಲವೋ ಅದಕ್ಕೆ ಹೆಚ್ಚು ಪಾಲು. ಸುದ್ದಿವಾಚಕರ ಮುಖಕ್ಕೆ ಕಡಿಮೆ ಸಾಕು. ಜಲಪಾತಕ್ಕೆ, ಮಳೆಗೆ, ಫುಟ್‌ಬಾಲ್ ಪಂದ್ಯಕ್ಕೆ ಬಹಳ ಬೇಕು. ಎರಡು ಮೂರು ವಾಹಿನಿಗಳಲ್ಲಿ ಏಕಕಾಲಕ್ಕೆ ಅಂಥ ದೃಶ್ಯ ಬಂದರೆ ಎಲ್ಲವೂ ಬಡವಾಗುತ್ತವೆ.

ಬ್ರಿಟನ್ನಿನಲ್ಲಿ ಬಿಟ್‌ಗಳ ಕಡಿತ ಸಾರ್ವಜನಿಕ ವಿವಾದವೇ ಆಯಿತು. ಬಿಬಿಸಿ ಎಚ್‌ಡಿ 2009ರ ಆಗಸ್ಟ್‌ನಲ್ಲಿ ಚಿತ್ರ ಕುಗ್ಗಿಸುವ ಹೊಸ ಯಂತ್ರ (ಎನ್‌ಕೋಡರ್) ಅಳವಡಿಸಿ ಬಿಟ್‌ರೇಟನ್ನು 16ರಿಂದ 9.7 ಮೆಗಾಬಿಟ್‌ಗೆ ಇಳಿಸಿತು. ಹೊಸ ಯಂತ್ರ ಹೆಚ್ಚು ಸಮರ್ಥ, ಗುಣಮಟ್ಟ ಕುಂದಿಲ್ಲ ಎಂಬುದು ಸಂಸ್ಥೆಯ ವಾದವಾಗಿತ್ತು. ಕುಂದಿದೆ ಎಂದು ವೀಕ್ಷಕರು ತಿಂಗಳುಗಟ್ಟಲೆ ದೂರಿದರು. ಎನ್‌ಕೋಡರ್ ಸುಧಾರಿಸಿದಾಗ ಕಡಿಮೆ ಬಿಟ್ ಸಾಕಾಗುವುದು ನಿಜ, ಚಿತ್ರ ಕುಗ್ಗಿಸುವ 2003ರ ಮಾನದಂಡ ಎಚ್.264 ಅದಕ್ಕೂ ಹಿಂದಿನ ಎಂಪೆಗ್-2ರ ಸುಮಾರು ಅರ್ಧ ಬಿಟ್‌ನಲ್ಲಿ ಅದೇ ಗುಣಮಟ್ಟ ಕೊಡಬಲ್ಲದು. ಆದರೆ ಆ ಉಳಿತಾಯ ಚಿತ್ರದ ಸುಧಾರಣೆಗಿಂತ ಹೆಚ್ಚು ವಾಹಿನಿ ತುಂಬುವುದಕ್ಕೇ ಬಳಕೆಯಾಗುತ್ತ ಬಂದಿದೆ.

ಮೂಲ ಚಿತ್ರೀಕರಣದ್ದೂ ಪಾತ್ರವಿದೆ. 1997ರ ಎಚ್‌ಡಿಕ್ಯಾಮ್ ಟೇಪು ದಾಖಲಿಸುತ್ತಿದ್ದುದು 1440 ಪಿಕ್ಸೆಲ್ ಅಗಲವನ್ನು ಮಾತ್ರ. ಸೂಪರ್ 16 ಫಿಲ್ಮಿನ ಕಣಕಣವಾದ ಹರಳು ಎನ್‌ಕೋಡರನ್ನು ದಣಿಸುತ್ತದೆಂದು ಬಿಬಿಸಿ ಅದನ್ನು ಎಚ್‌ಡಿ ಎಂದೇ ಪರಿಗಣಿಸಲಿಲ್ಲ. ಹಳೆಯ ಸಾಮಾನ್ಯ ಗುಣಮಟ್ಟದ (ಎಸ್‌ಡಿ) ಕಾರ್ಯಕ್ರಮವನ್ನು ಹಿಗ್ಗಿಸಿ ತೋರಿಸಿದರೆ ವಾಹಿನಿಯ ಹೆಸರು ಏನೇ ಇರಲಿ, ಇಲ್ಲದ ವಿವರ ಹುಟ್ಟುವುದಿಲ್ಲ.

ಭಾರತದಲ್ಲಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ಪ್ರಸಾರ ಮಾಡಿತು. ಕಲರ್ಸ್ ಕನ್ನಡದ ಎಚ್‌ಡಿ ರೂಪ 2016ರಲ್ಲಿ ಬಂತು. 1920×1080ರ ಎಚ್‌ಡಿ ಚಿತ್ರದಲ್ಲಿ ಇರುವ ಪಿಕ್ಸೆಲ್‌ಗಳು 720×576ರ ಎಸ್‌ಡಿ ಚಿತ್ರಕ್ಕಿಂತ ಐದು ಪಟ್ಟು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2017ರ ನಿಯಮ ಮಾತ್ರ ಜಾಲ ಶುಲ್ಕದ ಲೆಕ್ಕದಲ್ಲಿ ಒಂದು ಎಚ್‌ಡಿ ವಾಹಿನಿಯನ್ನು ಎರಡು ಎಸ್‌ಡಿ ವಾಹಿನಿಗಳಿಗೆ ಸಮವೆಂದು ಎಣಿಸಿತು.