ಎರಡು ಮನೆಗಳ ಒಂದು ಹಿತ್ತಿಲು

ಹಳೆಯ ಮನೆಗಳ ಮುಂಬಾಗಿಲನ್ನು ಕುರಿತು ಬರೆದವರು ಅನೇಕರು. ಬಾಗಿಲವಾಡದ ಕೆತ್ತನೆ, ಜಗಲಿಯ ಕಂಬ, ತೊಲೆಯ ಬೋದಿಗೆ ಇವು ಬೀದಿಯಲ್ಲಿ ಹೋಗುವವರ ಕಣ್ಣಿಗೂ ಬೀಳುತ್ತವೆ. ಹಿಂಬಾಗಿಲನ್ನು ತೆರೆದು ಹಿತ್ತಿಲಿಗಿಳಿದ ಚರಿತ್ರಕಾರರು ವಿರಳ. ಆದರೆ ಮನೆತನದ ಬಾಳುವೆಯ ಅರ್ಧಭಾಗ ನಡೆದುದು ಅಲ್ಲಿಯೇ. ನೀರು ಸೇದುವುದು, ಭತ್ತ ಕುಟ್ಟುವುದು, ಲಿಂಗಪೂಜೆಗೆ ಪತ್ರೆ ಪುಷ್ಪ ಬಿಡಿಸುವುದು, ನೆರೆಮನೆಯವರೊಡನೆ ಸುಖದುಃಖ ಹೇಳಿಕೊಳ್ಳುವುದು, ಒಮ್ಮೊಮ್ಮೆ ಜಗಳವಾಡುವುದು, ಎಲ್ಲಕ್ಕೂ ಹಿತ್ತಿಲೇ ನೆಲೆ. ಅಂತಹ ಒಂದು ಹಿತ್ತಿಲಿನ ಛಾಯಾಚಿತ್ರವು ಯಾವ ಊರಿನದೆಂದು ಗೊತ್ತುಮಾಡಲು ಹೊರಟು ನಾವು ಎರಡು ಬಾರಿ ಎಡವಿದ ಸಂಗತಿಯನ್ನು ಓದುಗರಿಗೆ ತಿಳಿಸಬೇಕೆನಿಸಿದೆ.

ಚಿತ್ರವನ್ನು ತಂದವರು ಒಂದೇ ಮನೆತನದ ಎರಡು ಕವಲಿನವರು. ಆದರೆ ಒಟ್ಟಿಗೆ ಬಂದವರಲ್ಲ. ಮೊದಲು ಕಿರಿಯ ಕವಲಿನ ವೃದ್ಧೆಯೊಬ್ಬರು ಬಂದರು. ಚಿತ್ರದಲ್ಲಿ ಎರಡು ಮನೆಗಳ ಹಿಂಗೋಡೆ, ಎರಡು ಹಿಂಬಾಗಿಲು, ನಡುವೆ ಬೇಲಿಯಿಲ್ಲದ ಒಂದೇ ಹಿತ್ತಿಲು. ಬಲಗಡೆ ಒಂದು ಸೇದುವ ಬಾವಿ. ಹನ್ನೊಂದು ಮಂದಿ ಹೆಂಗಸರು, ಗಂಡಸರು, ಮಕ್ಕಳು. ಎರಡು ಬಾಗಿಲುಗಳ ನಡುವೆ ಸೊಂಟದೆತ್ತರದ ಒಂದು ಕಲ್ಲು. ಆಕೆ ಆ ಕಲ್ಲಿನ ಮೇಲೆ ಬೆರಳಿಟ್ಟು, "ನೋಡಿ ಬುದ್ಧಿ, ಇದೇ ಗಡಿಕಲ್ಲು. ಅರಕಲಗೂಡಿನ ಮನೆ ಭಾಗವಾದಾಗ ನಮ್ಮ ದೊಡ್ಡಜ್ಜ ನೆಡಿಸಿದ್ದು. ಬಾವಿ ಆ ಕಡೆಗೆ ಹೋಯ್ತು. ನಮ್ಮಜ್ಜಿ ಬಾಣಂತಿ, ಬೀದಿ ಕೊನೆಯಿಂದ ನೀರು ಹೊತ್ತರು" ಎಂದರು. ಆ ನೀರಿನ ಮಾತಿನಿಂದಾಗಿ ಎರಡು ತಲೆಮಾರು ಆ ಮನೆಗಳ ನಡುವೆ ಕೊಟ್ಟು ತರುವುದಿರಲಿ, ಹೋಗಿ ಬರುವುದೂ ನಿಂತಿತ್ತು.

ಹಿರಿಯ ಕವಲಿನವರು ಹಾಸನದಲ್ಲಿದ್ದಾರೆ. ಕರೆಸಿ ಕೇಳಿದೆವು. ಎಪ್ಪತ್ತು ದಾಟಿದ ಯಜಮಾನರು ಚಿತ್ರವನ್ನು ನೋಡಿದೊಡನೆ, "ಬುದ್ಧಿ, ಇದು ಅರಕಲಗೂಡಿನ ಮನೆಯೇ ಅಲ್ಲ. ನಮ್ಮಜ್ಜಿಯ ತವರು, ಹೊಳೆನರಸೀಪುರದ್ದು. ಅಲ್ಲಿಯ ಕಲ್ಲಿಗೂ ನಮಗೂ ಏನು ಸಂಬಂಧ?" ಎಂದರು. ಸ್ಥಳವು ಯಾವುದೆಂಬುದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಒಬ್ಬ ಮೃತ ಪುರುಷನ ಮೇಲಿದ್ದ ಆರೋಪ ಅದರ ಮೇಲೆ ನಿಂತಿತ್ತು.

ಸಾಲದೆಂಬಂತೆ ಹಾಸನ, ಚನ್ನರಾಯಪಟ್ಟಣಗಳ ಬಂಧುಗಳೂ ಇದು ತಮ್ಮದೇ ಹಿತ್ತಿಲೆಂದರು. ಆ ಮನೆತನದವರು ಗಾಡಿಗಳಲ್ಲಿ ಕೊಬ್ಬರಿ, ಬೆಲ್ಲಗಳ ವ್ಯಾಪಾರ ನಡೆಸಿ ನಾಲ್ಕೂ ಊರುಗಳಲ್ಲಿ ಸಂಬಂಧ ಬೆಳೆಸಿದವರು. ಊರುಗಳೂ ಒಂದೇ ಎರಕದವು. ನಾಲ್ಕರಲ್ಲಿಯೂ ಪಾಳೆಯಗಾರರ ಕಾಲದ ಕೋಟೆ, ಕೋಟೆಯ ಹೊರಗೆ ಪೇಟೆ. ಅರಕಲಗೂಡನ್ನು 1568ರಲ್ಲಿ ಕೃಷ್ಣಪ್ಪ ನಾಯಕನು ಕಟ್ಟಿಸಿದನೆಂದೂ, ಕೊಳತೂರೆಂಬ ಅಗ್ರಹಾರವನ್ನು ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನು ಸುಮಾರು 1600ರಲ್ಲಿ ಗೆದ್ದು ಮಗ ಚನ್ನರಾಯನಿಗೆ ಕೊಟ್ಟದ್ದರಿಂದ ಅದು ಚನ್ನರಾಯಪಟ್ಟಣವಾಯಿತೆಂದೂ ಗ್ಯಾಸೆಟಿಯರು ಹೇಳುತ್ತದೆ. ಪೇಟೆಯ ಬೀದಿಯಲ್ಲಿ ಮನೆಗೆ ಮನೆ ತಗುಲಿ ನಿಲ್ಲುತ್ತಿದ್ದುದರಿಂದ ಗೋಡೆ ಎರಡು ಮನೆಗೂ ಒಂದೇ, ಬಾವಿ ಅನೇಕ ಕಡೆ ಪಾಲುಬಾವಿ, ಹಿತ್ತಿಲೂ ಹಾಗೆಯೇ. ಇಂತಹ ಹಿತ್ತಿಲಿನ ಚಿತ್ರವೊಂದನ್ನು ಹಿಡಿದು ಊರು ಹೇಳುವುದು ಸುಲಭವಲ್ಲ. ಹಾಸನದ ಮನೆ ಒಂಟಿ ಮನೆಯೆಂದೂ, ಚನ್ನರಾಯಪಟ್ಟಣದ್ದು ಮಣ್ಣಿನ ಮಾಳಿಗೆಯೆಂದೂ ವಿಚಾರಿಸಿದ ಮೇಲೆ ತಿಳಿಯಿತು. ಚಿತ್ರದ ಮನೆಗಳೆರಡಕ್ಕೂ ಹೆಂಚಿನ ಸೂರು. ಹೀಗೆ ಉಳಿದವು ಎರಡೇ ಊರು.

ಛಾಯಾಚಿತ್ರ ಕಲೆಯು ನಮ್ಮ ಜಿಲ್ಲೆಗೆ ತಡವಾಗಿ ಬಂದುದಲ್ಲ. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಸೈನ್ಯಾಧಿಕಾರಿಯು 1856ರಲ್ಲಿಯೇ ಹಳೇಬೀಡಿನ ದೇವಾಲಯದ ಚಿತ್ರಗಳನ್ನು ತೆಗೆದು 1859ರಲ್ಲಿ ಪ್ರಕಟಿಸಿದನು. ಆದರೆ ಗೃಹಸ್ಥರ ಮನೆಗೆ ಕ್ಯಾಮರಾ ಬರಲು ಮತ್ತೆ ಬಹುಕಾಲ ಹಿಡಿಯಿತು. ಬಂದರೂ ಅದು ಜಗಲಿಯಲ್ಲಿಯೋ ಪರದೆಯ ಮುಂದೆಯೋ ನಿಂತಿತು. ಹಿತ್ತಿಲಿಗೆ ಬಂದ ಈ ಚಿತ್ರಗಾರನು ಯಾರೋ, ಹಿಂಬದಿಯಲ್ಲಿ ಅವನ ಮುದ್ರೆಯಿಲ್ಲ. ಅಳತೆ ಆರೂವರೆಗೆ ನಾಲ್ಕೂಮುಕ್ಕಾಲು ಅಂಗುಲ, ಎಂದರೆ 'ಹಾಫ್ ಪ್ಲೇಟ್'. ಗಾಜಿನ ತಟ್ಟೆಯನ್ನು ನೇರವಾಗಿ ಕಾಗದಕ್ಕೆ ಒತ್ತಿ ಬಿಸಿಲಿಗೋ ದೀಪಕ್ಕೋ ಹಿಡಿದು ಮಾಡಿದ ಪ್ರತಿ. ಈ ಸಣ್ಣ ಸಂಗತಿಯು ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲನೆಯ ತಪ್ಪು ನಮ್ಮದೇ. ಹಿತ್ತಿಲಿನ ಗೋಡೆಯಾಚೆ ಮಬ್ಬಾಗಿ ಒಂದು ಎತ್ತರದ ಕಂಬ, ಅದರ ತುದಿಯಲ್ಲಿ ಓರೆಯಾಗಿ ಚಾಚಿದ ಒಂದು ತೋಳು ಕಾಣುತ್ತಿತ್ತು. ನೋಡಿದ ಕ್ಷಣವೇ ರೈಲಿನ ಕೈಮರವೆಂದು ನಿಶ್ಚಯಿಸಿದೆವು. ಮೈಸೂರು ಅರಸೀಕೆರೆಗಳ ನಡುವಣ ಮೀಟರ್ ಗೇಜ್ ಮಾರ್ಗವು 1910ರ ದಶಕದ ಕೊನೆಯಲ್ಲಿ ಹೊಳೆನರಸೀಪುರ, ಹಾಸನಗಳ ಮೂಲಕ ಹಾದುಬಂದಿತು. ಚನ್ನರಾಯಪಟ್ಟಣಕ್ಕೆ ರೈಲು ಬಂದುದು ಈ ಶತಮಾನದಲ್ಲಿ. ಬೆಂಗಳೂರಿನಿಂದ ಹಾಸನಕ್ಕೆ ನೇರಮಾರ್ಗ ಪೂರ್ಣವಾದುದು 2017ರಲ್ಲಿ. ಅರಕಲಗೂಡಿಗಾದರೋ ಇಂದಿಗೂ ರೈಲಿಲ್ಲ. ಕೈಮರವಿದ್ದರೆ ಊರು ಹೊಳೆನರಸೀಪುರವೇ. ಹಾಸನದ ಯಜಮಾನರಿಗೆ ಪರಮ ಸಂತೋಷವಾಯಿತು. ಆ ವೃದ್ಧೆಗೆ ಹೇಳಿ ಕಳುಹಿಸಿದೆವು. ಅವರಿಂದ ಉತ್ತರ ಬರಲಿಲ್ಲ. ಅವಸರಪಟ್ಟು ತೀರ್ಪು ಕೊಟ್ಟುದಕ್ಕೆ ನಮಗೆ ಇಂದಿಗೂ ಸಂಕೋಚವಿದೆ.

ತಿಂಗಳಾದ ಮೇಲೆ ಭೂತಗನ್ನಡಿ ಹಿಡಿದು ಮತ್ತೆ ನೋಡುವಾಗ ಆ ತೋಳಿನ ತುದಿಯಿಂದ ಕೂದಲೆಳೆಯಂತಹ ಗೆರೆಯೊಂದು ಕೆಳಗಿಳಿದಿತ್ತು. ಹಗ್ಗ ಅಥವಾ ಗಳು. ಇನ್ನೊಂದು ತುದಿ ದಪ್ಪ, ಅಲ್ಲಿ ಭಾರಕ್ಕೆ ಕಟ್ಟಿದ ಕಲ್ಲು. ಅದು ಕೈಮರವಲ್ಲ, ನೆರೆಯವರ ತರಕಾರಿ ಮಡಿಗೆ ನೀರೆತ್ತುವ ಏತ! ಏತದ ನೀರು ಕುಡಿದು ಬೆಳೆದ ಹಳ್ಳಿಯವರಾದ ನಾವು ಅದನ್ನು ಗುರುತಿಸದೆ ಹೋದೆವು.

ಅನಂತರ ಕಲ್ಲಿನ ಕಡೆಗೆ ದೃಷ್ಟಿ ಹರಿಯಿತು. ಗಡಿಗೆ ನೆಡುವ ಕಲ್ಲು ಒರಟಾದ ಬೋಳುಕಲ್ಲು. ಇದರ ಅಂಚು ಕಡೆದುದು. ಮೇಲ್ಭಾಗದಲ್ಲಿ ಕಂಬದಿಂದ ಹೊರಟು ಮೊಣಕೈಯಲ್ಲಿ ಬಾಗಿ ಮೇಲಕ್ಕೆದ್ದ ಆಕಾರವೊಂದು ಮಸುಕಾಗಿ ತೋರುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಶಾಸನಶಾಸ್ತ್ರವನ್ನು ಓದುತ್ತಿದ್ದಾಗ ಇಂತಹವನ್ನು ಎಷ್ಟೋ ಕಂಡಿದ್ದೆವು: ಮಾಸ್ತಿಕಲ್ಲು. ಗಂಡನ ಚಿತೆಯನ್ನೇರಿದ ಹೆಣ್ಣಿನ ನೆನಪಿಗೆ ಬಳೆ ತೊಟ್ಟ ಕೈಯನ್ನು ಕೆತ್ತಿ ನಿಲ್ಲಿಸುತ್ತಿದ್ದ ಸ್ಮಾರಕ. ಆ ಪದ್ಧತಿಯನ್ನು ಹೊಗಳುವ ಮನಸ್ಸು ನಮಗಿಲ್ಲ. ಕಲ್ಲು ಮಾತ್ರ ಚರಿತ್ರೆಗೆ ಸಾಕ್ಷಿ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ 'ಎಪಿಗ್ರಾಫಿಯ ಕರ್ನಾಟಿಕ' ಐದನೆಯ ಸಂಪುಟವನ್ನು ತಿರುವಿಹಾಕಿದೆವು. ಕೆರೆಯ ಏರಿ, ದೇವಾಲಯದ ಬಾಗಿಲು, ಹೊಲದ ಬದು, ಮನೆಯ ಹಿತ್ತಿಲು ಎಂದು ಕಲ್ಲು ನಿಂತ ಸ್ಥಳವನ್ನು ಹೇಳುವುದು ಆ ಸಂಪುಟಗಳ ಕ್ರಮ. ಆದರೆ ಅಲ್ಲಿಗೆ ಸೇರುವುದು ಅಕ್ಷರವುಳ್ಳ ಕಲ್ಲು ಮಾತ್ರ. ಬರಹವಿಲ್ಲದ ಕೈಗೆ ಅಲ್ಲಿ ಎಡೆಯಿಲ್ಲ. ಹಿತ್ತಿಲ ಗಿಡ ಮದ್ದಲ್ಲವೆಂಬಂತೆ, ಹಿತ್ತಿಲ ಕಲ್ಲು ಎಷ್ಟೋ ಕಡೆ ಬಟ್ಟೆ ಒಗೆಯುವ ಕಲ್ಲಾಗಿಯೇ ಸವೆದಿದೆ.

ಉಳಿದದ್ದು ಕಾಲ್ನಡಿಗೆಯ ಕೆಲಸ. ಹೊಳೆನರಸೀಪುರದ ಮನೆ ಬಿದ್ದು ಅದರ ನಿವೇಶನದಲ್ಲಿ ಅಂಗಡಿಗಳೆದ್ದಿವೆ. ಅರಕಲಗೂಡಿನ ಮನೆಗಳನ್ನು ಎರಡು ಕವಲಿನವರೂ ಬೇರೆ ಬೇರೆಯವರಿಗೆ ಮಾರಿ ಬಹಳ ವರ್ಷಗಳಾಗಿದ್ದವು. ದಕ್ಷಿಣದ ಮನೆಯ ಈಗಿನ ಯಜಮಾನರು ನಮ್ಮನ್ನು ಆದರದಿಂದ ಬರಮಾಡಿಕೊಂಡು, ಕ್ರಯಪತ್ರದೊಡನೆ ಬಂದ ಹಳೆಯ ಕಾಗದಗಳ ಗಂಟನ್ನು ಬಿಚ್ಚಿದರು. ಅದರಲ್ಲಿ ಅಣ್ಣತಮ್ಮಂದಿರ ವಿಭಾಗಪತ್ರವಿತ್ತು. ಇಂತಹ ಪತ್ರಗಳಲ್ಲಿ ನಾವು ಮೊದಲು ಓದಬೇಕಾದದ್ದು ಚಕ್ಕುಬಂದಿ. ಹಿತ್ತಿಲಿಗೆ ಪೂರ್ವದಲ್ಲಿ ಉಭಯತರ ವಾಸದ ಮನೆಗಳು, ಪಶ್ಚಿಮದಲ್ಲಿ ಓಣಿ, ನಡುವೆ ಮಾಸ್ತಿಕಲ್ಲು ಎಂದು ಅದರಲ್ಲಿ ಬರೆದಿತ್ತು. ಉತ್ತರದ ಮನೆ ಅಣ್ಣನಿಗೆ, ದಕ್ಷಿಣದ್ದು ತಮ್ಮನಿಗೆ. ಹಿತ್ತಿಲನ್ನೂ ಅದರ ಉತ್ತರಭಾಗದ ಬಾವಿಯನ್ನೂ ಭಾಗಮಾಡದೆ ಇಬ್ಬರಿಗೂ ಸಮಾನ ಹಕ್ಕಿನಲ್ಲಿ ಉಳಿಸಲಾಗಿತ್ತು.

ಪತ್ರವು ಹೊಂದಿತು, ಆದರೆ ನೆಲ ಹೊಂದಲಿಲ್ಲ. ಇದು ಎರಡನೆಯ ಎಡವು. ಓಣಿಯ ಕಡೆ ನಿಂತು ಮನೆಗಳತ್ತ ನೋಡಿದರೆ ಉತ್ತರದ ಮನೆಯೂ ಬಾವಿಯೂ ಎಡಗಡೆ ಬರುತ್ತವೆ. ಚಿತ್ರದಲ್ಲಿ ಬಾವಿಯಿರುವುದು ಬಲಗಡೆ. ಬಾವಿಯ ಪಕ್ಕದ ಮನೆಗೆ ಮಂಗಳೂರು ಹೆಂಚು, ಇನ್ನೊಂದಕ್ಕೆ ನಾಡಹೆಂಚು, ಅದೂ ತಿರುವುಮುರುವು. ಹಾಸನದವರ ಮುಖ ಮತ್ತೆ ಅರಳಿತು. ನಾವು ಚಿಂತಿಸುತ್ತ ಕುಳಿತಾಗ ಕಣ್ಣಿಗೆ ಬಿದ್ದದ್ದು ಹಿರಿಯಣ್ಣನ ಕೋಟು. ಅದರ ಎದೆಯ ಜೇಬು ಬಲಗಡೆಗಿತ್ತು! ಪಕ್ಕದಲ್ಲಿ ನಿಂತ ಹುಡುಗನ ಅಂಗಿಯ ಗುಂಡಿಯೂ ತಿರುಗಿ ಬಿದ್ದಿತ್ತು. ಗಾಜಿನ ತಟ್ಟೆಯ ರಸ ಹಚ್ಚಿದ ಮೈಯನ್ನು ಕಾಗದಕ್ಕೆ ತಗುಲಿಸದೆ ಮಗುಚಿ ಇಟ್ಟರೆ ಎಡವು ಬಲವಾಗಿ ಅಚ್ಚಾಗುತ್ತದೆ. ಚಿತ್ರವು ಮೊದಲಿನಿಂದಲೂ ತುಸು ಮಬ್ಬಾಗಿದ್ದುದಕ್ಕೂ ಅದೇ ಕಾರಣ. ಆ ಮನೆಯ ಹುಡುಗನು ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಎಡಬಲ ತಿರುಗಿಸಿ ತೋರಿಸಿದನು. ಬಾವಿ, ಬಾಗಿಲು, ಮೂಲೆಯ ಓರೆಗೋಡೆ, ಎಲ್ಲವೂ ಒಮ್ಮೆಗೇ ತಮ್ಮ ತಮ್ಮ ಸ್ಥಾನದಲ್ಲಿ ಬಂದು ನಿಂತವು.

ಹೀಗೆ ಸ್ಥಳದ ವಿಷಯದಲ್ಲಿ ಗೆದ್ದವರು ಆ ವೃದ್ಧೆ. ಅದು ಅರಕಲಗೂಡಿನ ಮನೆಯೇ. ಕಲ್ಲಿನ ವಿಷಯದಲ್ಲಿ ಹಾಸನದವರಿಗೆ ನ್ಯಾಯ ಸಿಕ್ಕಿತು. ಅದನ್ನು ಅವರ ಅಜ್ಜ ನೆಡಿಸಿದುದಲ್ಲ. ಮನೆಗಳಿಗಿಂತಲೂ ಹಿಂದಿನಿಂದ ಅದು ಅಲ್ಲಿತ್ತು. ಚಿತ್ರ ತೆಗೆಯುವ ವೇಳೆಗೆ ಸೂರು ಎರಡು ಬಗೆಯಾಗಿತ್ತು, ಬಹುಶಃ ಒಲೆಯೂ ಎರಡಾಗಿತ್ತು. ಆದರೂ ಭೂತಗನ್ನಡಿಯಲ್ಲಿ ನೋಡಿದರೆ ಬಾವಿಗೆ ಎರಡು ರಾಟೆಗಳಿವೆ, ಒಂದೊಂದು ಒಂದೊಂದು ಮನೆಯ ಕಡೆಗೆ. ಮುಂದೆ ಯಾವುದೋ ದಿನ ಬಾಣಂತಿಗೆ ನೀರು ತಪ್ಪಿತೋ ಇಲ್ಲವೋ, ಚಿತ್ರವಾಗಲಿ ಪತ್ರವಾಗಲಿ ಹೇಳಲಾರವು. ಅಜ್ಜಿಯ ಮಾತನ್ನು ಸುಳ್ಳೆನ್ನಲು ನಮಗೆ ಅಧಿಕಾರವಿಲ್ಲ.

ಆ ಮೇಲೆ ಒಂದು ಸೋಮವಾರ ಎರಡು ಕಡೆಯವರನ್ನೂ ಅರಕಲಗೂಡಿಗೆ ಕರೆದೊಯ್ದೆವು. ಹಿತ್ತಿಲು ಈಗ ಒಂದಾಗಿಲ್ಲ. ಮನೆ ಕೊಂಡವರು ನಡುವೆ ಗೋಡೆ ಹಾಕಿಸಿದ್ದಾರೆ. ಕಲ್ಲನ್ನು ಕೀಳಲು ಮನಸ್ಸಾಗದೆ ಗೋಡೆಯೊಳಕ್ಕೇ ಸೇರಿಸಿದ್ದಾರೆ. ಬಾವಿಯ ಬಾಯಿಗೆ ಕಾಂಕ್ರೀಟು ಹಲಗೆ ಮುಚ್ಚಿದೆ. ಕಲ್ಲಿನ ಬೆನ್ನು ಉತ್ತರದ ಹಿತ್ತಿಲಿಗೆ, ಬಳೆಯ ಕೈ ದಕ್ಷಿಣದ ಕಡೆಗೆ. ವೃದ್ಧೆಯು ಬಹಳ ಹೊತ್ತು ಅದರ ಮುಂದೆ ನಿಂತಿದ್ದರು. ಹಾಸನದ ಯಜಮಾನರು ಗೋಡೆಯ ಆ ಬದಿಯಿಂದ ಬಳಸಿ ಬಂದು, "ಅಕ್ಕಾ, ಬಿಸಿಲು ಏರ್ತಿದೆ, ಬನ್ನಿ ಒಳಗೆ" ಎಂದರು. ಎಡಬಲ ಸರಿಪಡಿಸಿದ ಎರಡು ಪ್ರತಿಗಳನ್ನು ಮಾಡಿಸಿ ಇಬ್ಬರಿಗೂ ಕೊಟ್ಟಿದ್ದೇವೆ.