ಬೆಟ್ಟದ ದಾರಿ ಸವೆಸಿದ ಕಾಲುಗಳು ಯಾರವು?

ಸ್ವಲ್ಪ ಉದ್ದ ಆಯ್ತು, ಸಮಾಧಾನವಾಗಿ ಓದಿ.

ಶನಿವಾರ ಭಾನುವಾರ ಬಂತು ಅಂದ್ರೆ ಮಧುಗಿರಿ ಬೆಟ್ಟದ ಬುಡದಲ್ಲಿ ಬೆಂಗಳೂರು ಗಾಡಿಗಳು ನಿಂತಿರ್ತವೆ. ಕೊರಟಗೆರೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಪಾವಗಡದ ಕೋಟೆ, ನಿಡಗಲ್ಲು, ಎಲ್ಲಾ ಕಡೆ ಈಗ ಚಾರಣದವರು. ಬರಲಿ, ಸಂತೋಷವೇ. ನಾಲ್ಕು ಜನ ಎಳನೀರು ಮಾರೋರಿಗೆ, ಹೋಟ್ಲು ಇಟ್ಟೋರಿಗೆ ವ್ಯಾಪಾರ ಆಗುತ್ತೆ. ನನ್ನ ತಕರಾರು ಬಂದವರ ಮೇಲಲ್ಲ, ಅವರಿಗೆ ನಾವು ಹೇಳುವ ಚರಿತ್ರೆಯ ಮೇಲೆ.

ಆ ಚರಿತ್ರೆ ನಿಮಗೆಲ್ಲ ಬಾಯಿಪಾಠ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಏಕಶಿಲಾ ಬೆಟ್ಟ. ಮೊದಲು ರಾಜಾ ಹಿರೇಗೌಡ ಕಟ್ಟಿಸಿದ ಕೋಟೆ, 1678ರಲ್ಲಿ ಮೈಸೂರಿನವರ ವಶ, ಆಮೇಲೆ ಹೈದರಾಲಿ ಅದನ್ನು ಕಲ್ಲಿನಲ್ಲಿ ಬಲಪಡಿಸಿದ. ಇದೇನೂ ಸುಳ್ಳಲ್ಲ. ಆದರೆ ಕಟ್ಟಿಸಿದವನ ಹೆಸರು ಸಿಕ್ಕಿದ ಕೂಡಲೇ ಚರಿತ್ರೆ ಮುಗೀತಾ? ಆ ಬಂಡೆಯಲ್ಲಿ ಕಾಲಿಡೋಕೆ ಮೆಟ್ಟಿಲು ಕೊರೆದವರು, ಕಲ್ಲು ಹೊತ್ತವರು, ಮೇಲಿದ್ದ ಸಿಪಾಯಿಗೆ ಸೌದೆ ಸಾಗಿಸಿದವರು ಯಾರು? ಕೋಟೆ ಬಾಗಿಲಿಗೆಲ್ಲ ಹೆಸರಿದೆ, ಹೊತ್ತವರಿಗೆ ಹೆಸರಿಲ್ಲ.

ಈ ನಾಲ್ಕು ತಾಲ್ಲೂಕಿನ ದಾರಿಗಳಲ್ಲಿ ಇನ್ನೊಂದು ಚರಿತ್ರೆ ಬಿದ್ದಿದೆ, ಅದು ದುಡಿಮೆಯ ಚರಿತ್ರೆ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಸರ್ಕಾರದ ವೈದ್ಯ ನಮ್ಮ ಸೀಮೆ ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ. ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಮಾಡುತ್ತಿದ್ದದ್ದನ್ನು ಅವನು ದಾಖಲಿಸಿದ್ದಾನೆ. ಮಳೆಗಾಲದಲ್ಲಿ ಬಂಡೆ ಮೇಲಿಂದ ಹರಿದು ಬರುವ ಹಳ್ಳಗಳು ಕರಿ ಮರಳು ತರುತ್ತಿದ್ದವು. ಆ ಮರಳನ್ನು ಇದ್ದಿಲಿನ ಕುಲುಮೆಗೆ ಹಾಕಿ ಕಬ್ಬಿಣ ಕರಗಿಸುತ್ತಿದ್ದರು. ಇವತ್ತು ಮಳೆ ನಿಂತ ಮೇಲೆ ಅದೇ ಹಳ್ಳದ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ತೀವಿ. ಕಾಲಡಿ ಕಪ್ಪಗೆ ಕಾಣುವ ಮರಳಲ್ಲಿ ಒಂದು ಕಾಲದ ನೇಗಿಲ ಗುಳವೂ ಇತ್ತು, ಕತ್ತಿಯೂ ಇತ್ತು ಅಂತ ಹೇಳೋರು ಯಾರೂ ಇಲ್ಲ.

ಇನ್ನು ನೀರಿನ ವಿಷಯ. ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಒಂದು ಗೆರೆ ಎಳೆಯುತ್ತಾನೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿಗೆ ಗೆರೆ ಎಳೆದರೆ ಅದರ ಪೂರ್ವಕ್ಕಿರೋದೆಲ್ಲ ತಲಪರಿಗೆಯ ನಾಡು. ತಲಪರಿಗೆ ಅಂದ್ರೆ ಒರತೆ ನೀರಿನ ತಾಣ. ದಕ್ಷಿಣದ ಕಡೆ ಮರಳು ಭೂಮಿಯಲ್ಲಿ ಸ್ವಲ್ಪ ತೋಡಿದರೆ ಸಾಕು, ನೀರು ಮೇಲೇ ಸಿಗುತ್ತಿತ್ತು. ಪಾವಗಡದಲ್ಲಿ ಮೆದು ಕಲ್ಲಿನ ಪದರ ಕಡಿದು ಇಳಿಯಬೇಕಿತ್ತು. ಸಿಕ್ಕ ನೀರನ್ನು ಸಣ್ಣ ಕಾಲುವೆಯಲ್ಲಿ ಹೊಲಕ್ಕೆ ಬಿಡುತ್ತಿದ್ದರು, ಇಲ್ಲಾಂದ್ರೆ ಬಾವಿ ತೋಡಿ, ನಾಲ್ಕು ಎತ್ತು ಕಟ್ಟಿ ಕಪಿಲೆಯಲ್ಲಿ ಎತ್ತುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. ಕಪಿಲೆಯಲ್ಲಿ ನೀರು ತುಂಬಿ ಮೇಲೆ ಬರುತ್ತಿದ್ದದ್ದು ಚರ್ಮದ ಚೀಲದಲ್ಲಿ. ಆ ಚರ್ಮ ಹದ ಮಾಡಿ, ಹೊಲಿದು, ಹರಿದಾಗ ತೇಪೆ ಹಾಕಿಕೊಟ್ಟವರು ಮಾದಿಗರು. ಅವರು ಹೊಲಿದ ಚೀಲ ದಿನಾ ಬಾವಿಯೊಳಗೆ ಮುಳುಗಿ ಏಳುತ್ತಿತ್ತು. ಆ ನೀರು ಕುಡಿದ ಯಾರಿಗೂ ಮೈಲಿಗೆ ಆಗಲಿಲ್ಲ. ಹೊಲಿದ ಕೈ ಬಾವಿ ಮುಟ್ಟಿದರೆ ಮಾತ್ರ ಮೈಲಿಗೆ! ಜಾತಿ ಅನ್ನೋದು ಹೇಗೆ ಲೆಕ್ಕ ಹಾಕುತ್ತೆ ಅಂತ ಮಕ್ಕಳಿಗೆ ತಿಳಿಸೋಕೆ ಇದೊಂದು ಉದಾಹರಣೆ ಸಾಕು.

ದಾರಿಯ ಕಥೆಯೂ ಇದೇ. ಊರೂರಿಗೆ ಸುದ್ದಿ ಹೊತ್ತು ನಡೆದವನು ತೋಟಿ. ರಾತ್ರಿ ಕಾವಲು ತಿರುಗಿದವನು ತಳವಾರ. ಕೆರೆ ತೂಬಿನಿಂದ ಕೊನೇ ಗದ್ದೆವರೆಗೂ ಏರಿ ಮೇಲೆ ಕಾಲು ಸವೆಸಿದವನು ನೀರಗಂಟಿ. ಈ ಚಾಕರಿಗಳಲ್ಲಿ ಬಹುಪಾಲು ನಮ್ಮ ಕೇರಿಯವರೇ. ಈ ವಂಶಪಾರಂಪರ್ಯದ ಚಾಕರಿಯನ್ನು ಕಾನೂನಿನಲ್ಲಿ ತೆಗೆದುಹಾಕಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, ಜಾರಿಗೆ ಬಂದದ್ದು 1963ರಲ್ಲಿ. ಅಲ್ಲಿವರೆಗೆ ಈ ಸೀಮೆಯ ಒಂದೊಂದು ಕಾಲುದಾರಿಯನ್ನೂ ಕತ್ತಲಲ್ಲಿ ಹೇಳಬಲ್ಲವರು ಅವರೇ ಆಗಿದ್ದರು. ಬೆಟ್ಟದ ದಾರಿಯಲ್ಲಿ ಸೀತಾಫಲ, ಹೊಂಗೆ ಬೀಜ, ಕಸಬರಿಗೆ ಹುಲ್ಲು, ಸೌದೆ ಹೊತ್ತು ಇಳಿದವರು ನಮ್ಮ ಅಜ್ಜಿಯರು. ಶಿರಾ ತಾಲ್ಲೂಕಿನ ಕಳುವರಹಳ್ಳಿ ಹತ್ತಿರ ಜುಂಜಪ್ಪನ ಗುಡ್ಡೆ ಇದೆಯಲ್ಲ, ಅಲ್ಲಿ ಕಾಡುಗೊಲ್ಲರು ದನ ಮೇಯಿಸಿದ ದಾರಿಯನ್ನೇ ಹಾಡಾಗಿ ಉಳಿಸಿಕೊಂಡರು. ಗಣೆ ಊದಿ ಜುಂಜಪ್ಪನ ಕಥೆ ಹೇಳುವಾಗ ಹಳ್ಳ, ಗುಡ್ಡ, ಮರ ಎಲ್ಲಾ ಹೆಸರು ಹಿಡಿದು ಬರ್ತವೆ. ನಮ್ಮ ಕೇರಿಯ ದಾರಿಗಳ ನೆನಪನ್ನು ಹಂಗೆ ಕೂಡಿಟ್ಟವರು ಕಡಿಮೆ.

ಕೋಟೆ ನೋಡೋಕೆ ಹೋಗೋದೂ ನಮಗೆ ಸುಮ್ನೆ ಸಿಕ್ಕಿದ್ದಲ್ಲ. 1934ರಲ್ಲಿ ಬಾಬಾಸಾಹೇಬರು ಸುಮಾರು 30 ಜನ ಸಂಗಾತಿಗಳ ಜೊತೆ ಪ್ರವಾಸ ಹೊರಟು ದೌಲತಾಬಾದ್ ಕೋಟೆಗೆ ಹೋದರು. ದಾರಿಯ ಧೂಳು ಮೈಮೇಲಿತ್ತು. ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ಕೆಲವರು ಕೈಕಾಲು ಮುಖ ತೊಳೆದರು. ಅಷ್ಟಕ್ಕೇ ಊರಿನ ಮುಸ್ಲಿಮರು ಕೂಗಾಡಿಕೊಂಡು ಬಂದರು, ಕೊಳ ಮೈಲಿಗೆ ಆಯ್ತಂತೆ. ಕೊನೆಗೆ ಒಳಗೆ ಬಿಟ್ಟರೂ, ಎಲ್ಲೂ ನೀರು ಮುಟ್ಟಬಾರದು ಅಂತ ಶಸ್ತ್ರ ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು. ಮಹಾಡಿನ ಚವದಾರ್ ಕೆರೆವರೆಗೆ ಸಾವಿರಾರು ಜನರನ್ನು ನಡೆಸಿಕೊಂಡು ಹೋಗಿ, 1927ರ ಮಾರ್ಚ್ 20ರಂದು ನೀರು ಮುಟ್ಟಿದ ನಾಯಕನಿಗೆ, ಅದಾಗಿ ಏಳು ವರ್ಷಕ್ಕೆ ಸಿಕ್ಕ ಮರ್ಯಾದೆ ಅದು. ಅಸ್ಪೃಶ್ಯತೆ ಒಂದೇ ಧರ್ಮದ ಬೇಲಿಯೊಳಗೆ ನಿಲ್ಲಲ್ಲ ಅಂತ ಅವರು ಆಗ ಕಂಡುಕೊಂಡರು. ಅದಕ್ಕೇ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟದ ಪಕ್ಕದಲ್ಲೇ ರಸ್ತೆ ಮತ್ತು ಸಾರ್ವಜನಿಕ ತಾಣ ಅನ್ನೋ ಮಾತೂ ಇದೆ. ಬೆಟ್ಟ ಹತ್ತೋ ಹಕ್ಕು ಅಲ್ಲಿಂದ ಬಂದದ್ದು.

ಈಗ ಏನಾಗ್ತಿದೆ ನೋಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ, ಘೋಷಣೆ ಆದದ್ದು 2007ರಲ್ಲಿ. ಜಿಂಕೆ ಉಳೀಬೇಕು, ಎರಡು ಮಾತಿಲ್ಲ. ಶಿರಾದ ಕಗ್ಗಲಡುವಿನಲ್ಲಿ ಊರಿನ ಹುಣಸೆ ಮರದಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಹಳ್ಳಿ ಜನರೇ ಕಾಯುತ್ತಾರೆ. ಜನ ಇದ್ದೂ ಪ್ರಾಣಿ ಪಕ್ಷಿ ಉಳೀಬಹುದು ಅನ್ನೋಕೆ ಅದೇ ಸಾಕ್ಷಿ. ಆದರೆ ಎಷ್ಟೋ ಬೆಟ್ಟದಲ್ಲಿ ಟಿಕೆಟ್ ತಗೊಂಡು ನಡೆದವರು ಪ್ರಕೃತಿಪ್ರೇಮಿಗಳು, ಅದೇ ದಾರೀಲಿ ಸೌದೆ ಹೊತ್ತು ಬಂದ ಹೆಂಗಸು ಕಳ್ಳಿ.

ಪಾವಗಡದ ಸೋಲಾರ್ ಪಾರ್ಕು ನೋಡಿ. ತಿರುಮಣಿ, ವಳ್ಳೂರು ಸೇರಿ 5 ಊರುಗಳ ಸುತ್ತ 13,000 ಎಕರೆ, 2,050 ಮೆಗಾವ್ಯಾಟ್. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ. ಪಹಣಿ ಇದ್ದೋರಿಗೆ ದುಡ್ಡು. ಆ ಹೊಲದಲ್ಲಿ ಕೂಲಿ ಮಾಡ್ತಿದ್ದ, ಬದುವಲ್ಲಿ ಮೇಕೆ ಮೇಯಿಸ್ತಿದ್ದ ಪಹಣಿ ಇಲ್ಲದೋನಿಗೆ? ಅವನಿಗೆ ಸಿಕ್ಕಿದ್ದು ತಂತಿ ಬೇಲಿ. ಕೂಲಿಯೂ ಹೋಯ್ತು, ದಾರಿಯೂ ಹೋಯ್ತು.

ಗುಮಾಸ್ತನಾಗಿ ಕಾಗದ ನೋಡುವ ಅಭ್ಯಾಸ ಇರೋದ್ರಿಂದ ಒಂದು ಮಾತು ಹೇಳ್ತೀನಿ. ಪ್ರತಿ ಊರಿಗೂ ಗ್ರಾಮ ನಕಾಶೆ ಇದೆ. ಅದರಲ್ಲಿ ಕಾಲುದಾರಿ, ಬಂಡಿದಾರಿ ಗುರುತು ಹಾಕಿರ್ತಾರೆ. ಕಚೇರಿ ಭಾಷೆಯಲ್ಲಿ ಇದನ್ನು "ನಕಾಶೆ ಕಂಡ ದಾರಿ" ಅಂತಾರೆ. ಅಂಥ ದಾರಿಯನ್ನು ಪಕ್ಕದ ಜಮೀನಿನವನು ಉತ್ತು ಸೇರಿಸಿಕೊಂಡರೆ ಅದು ಒತ್ತುವರಿ. ನಮ್ಮ ಎಷ್ಟೋ ಕೇರಿಗಳಿಗೆ ಸ್ಮಶಾನಕ್ಕೆ ಹೋಗುವ ದಾರಿ ನಕಾಶೆಯಲ್ಲಿದೆ, ನೆಲದ ಮೇಲಿಲ್ಲ. ಹೆಣ ಹೊತ್ತು ಬೇರೆಯವರ ಬೆಳೆ ಬದುವಿನ ಮೇಲೆ ಬೈಸಿಕೊಂಡು ಹೋಗುವ ಜನ ಈಗಲೂ ಇದ್ದಾರೆ. ಬೆಟ್ಟಕ್ಕೆ ರೋಪ್‌ವೇ ಬರುತ್ತೆ ಅಂತ ವರ್ಷಗಳಿಂದ ಕೇಳ್ತಿದೀವಿ. ಬರಲಿ. ಅದಕ್ಕೂ ಮೊದಲು ಕೇರಿಯಿಂದ ಸ್ಮಶಾನದವರೆಗಿನ ದಾರಿ ಬರಲಿ.

ಅದಕ್ಕೇ ಅಣ್ಣಂದಿರೇ, ಅಕ್ಕಂದಿರೇ, ನಾವೂ ನಡೆಯೋಣ. ಒಂದು ಭಾನುವಾರ ನಿಮ್ಮ ಊರಿನ ನಕಾಶೆ ಕೈಲಿ ಹಿಡಿದು, ಕೇರಿಯ ಹಿರಿಯರನ್ನು, ಓದೋ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೊರಡಿ. ತಲಪರಿಗೆ ಎಲ್ಲಿತ್ತು, ಕಪಿಲೆ ಬಾವಿ ಯಾವುದು, ತೋಟಿ ಯಾವ ದಾರಿ ಹಿಡಿದು ಪಕ್ಕದೂರಿಗೆ ಹೋಗುತ್ತಿದ್ದ, ಯಾವ ಹಳ್ಳದಲ್ಲಿ ನಮ್ಮವರಿಗೆ ನೀರು ಮುಟ್ಟೋಕೆ ಬಿಡುತ್ತಿರಲಿಲ್ಲ, ಕೇಳಿ ಬರೆದುಕೊಳ್ಳಿ. ಹೇಳಬಲ್ಲ ಅಜ್ಜ ಅಜ್ಜಿಯರು ಇನ್ನು ಎಷ್ಟು ವರ್ಷ ಇರ್ತಾರೆ? ಮುಚ್ಚಿದ ದಾರಿ ಕಂಡರೆ ಸರ್ವೆ ನಂಬರ್ ಸಮೇತ ತಹಶೀಲ್ದಾರರಿಗೆ ಅರ್ಜಿ ಹಾಕಿ, ಸ್ವೀಕೃತಿ ತಗೊಳ್ಳೋದು ಮರೀಬೇಡಿ. ಬರೆದದ್ದನ್ನು ಇಲ್ಲಿ ಹಂಚಿಕೊಳ್ಳಿ, ನಾಲ್ಕೂ ತಾಲ್ಲೂಕಿನದು ಒಟ್ಟು ಮಾಡೋಣ.

ಜೈ ಭೀಮ್.